ಮಲ್ಲಣ್ಣನ ತೊಗಲಿನ ಅಂಗಿ

ಜನವರಿ ೯, ಶುಕ್ರವಾರ

ಬರೆಯಲು ಕೂತಿದ್ದಕ್ಕೆ ಮೊದಲು ಕ್ಷಮೆ ಕೇಳಬೇಕು. ಯಾರಲ್ಲಿ ಅಂತ ಗೊತ್ತಿಲ್ಲ, ನನ್ನಲ್ಲೇ ಇರಬಹುದು. ಇನ್ನು ಮೇಲೆ ಡೈರಿ ಬರೆಯುವುದಿಲ್ಲ ಎಂದು ಎಂಟನೇ ಕ್ಲಾಸಿನಲ್ಲಿ ಆಣೆ ಹಾಕಿಕೊಂಡಿದ್ದೆ. ಆಗ ಹಾಸ್ಟೆಲಿನಲ್ಲಿ ಒಬ್ಬಳ ಡೈರಿ ಸಿಕ್ಕಿ, ಅದನ್ನು ಊಟದ ಹಾಲ್‌ನಲ್ಲಿ ಗಟ್ಟಿಯಾಗಿ ಓದಿ ಎಲ್ಲರೂ ನಕ್ಕಿದ್ದರು. ಆ ಒಬ್ಬಳು ನಾನೇ. ಇವತ್ತು ಆಣೆ ಮುರಿಯುತ್ತಿದ್ದೇನೆ, ಯಾಕೆಂದರೆ ಹೇಳಿಕೊಳ್ಳಲು ಬೇರೆ ಜಾಗ ಇಲ್ಲ. ರೂಮ್‌ಮೇಟ್ ಸಬೀರಾ ಒಳ್ಳೆಯವಳು. ಅದೇ ಕಷ್ಟ. ಏನಾದರೂ ದುಃಖದ್ದು ಹೇಳಿದರೆ ಅವಳೇ ಅಳುತ್ತಾಳೆ, ಆಮೇಲೆ ನಾನು ಅವಳನ್ನು ಸಮಾಧಾನ ಮಾಡಬೇಕು.

ಮಧ್ಯಾಹ್ನ ಪ್ರಾಕ್ಟಿಕಲ್ ಮುಗಿಸಿ ಬಂದಾಗ ಹಾಸ್ಟೆಲ್ ಗೇಟಿನಲ್ಲಿ ಒಂದು ಬಟ್ಟೆ ಅಂಗಡಿಯ ಚೀಲ ಇತ್ತು. ಬಬಲೇಶ್ವರದ ಬಸ್ಸಿನ ಕಂಡಕ್ಟರ್ ಕೊಟ್ಟು ಹೋದರಂತೆ. ಒಳಗೆ ಮಲ್ಲಣ್ಣನ ಜಾಕೆಟ್. ಜೊತೆಗೆ ಒಂದು ಮಾತಿಲ್ಲ.

ಮಲ್ಲಿನಾಥ ನನ್ನ ಅಣ್ಣ. ಹೋದ ವರ್ಷ ಇದೇ ಕಬ್ಬಿನ ಹಂಗಾಮಿನಲ್ಲಿ, ಬಬಲೇಶ್ವರ ರಸ್ತೆಯ ಮೇಲೆ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರ್ಯಾಲಿಗೆ ಅವನ ಬೈಕು ಬಡಿಯಿತು. ಚೀಲ ಕಳಿಸಿದವಳು ಸುಧಾರಾಣಿ, ಅವನ ಹೆಂಡತಿ, ಈಗ ಬಬಲೇಶ್ವರದ ತವರಿನಲ್ಲಿದ್ದಾಳೆ. ವೈನಿ ಎಂದು ಕರೆಯುತ್ತಿದ್ದೆ, ಈಗ ಹೆಸರು ಬರೆದರೆ ಸಾಕು. ವರ್ಷದ ಕಾರ್ಯ ಮುಗಿಯುತ್ತಲೇ ಅವಳ ಮನೆಯವರು ಉಡಿಕಿ ಗೊತ್ತು ಮಾಡಿದ್ದಾರೆ. ಉಡಿಕಿ ಎಂದರೆ ಯಾರೂ ಮದುವೆ ಎಂದು ಕರೆಯದ ಮದುವೆ. ಗಂಡ ಸತ್ತವಳಿಗೆ ಇನ್ನೊಂದು ಮನೆಯವರು ಸೀರೆ ಉಡಿಸಿ ಕರೆದುಕೊಂಡು ಹೋಗುತ್ತಾರೆ, ಓಲಗವಿಲ್ಲ, ಹಂದರವಿಲ್ಲ. ಅದಕ್ಕೂ ಮೊದಲು ಹಳೆಯ ಗಂಡನದು ಏನೇನಿದೆಯೋ ಅವನ ಮನೆಗೆ ವಾಪಸ್ ಹೋಗಬೇಕು. (ನನಗೇ ಗೊತ್ತಿರುವುದನ್ನು ಎರಡು ಮಾರ್ಕಿನ ಉತ್ತರದ ಹಾಗೆ ಯಾಕೆ ಬರೆಯುತ್ತಿದ್ದೇನೆ? ಹಾಸ್ಟೆಲ್ ಚಟ.) ತಾಳಿ, ಕಾಲುಂಗುರ ಹಿರಿಯರ ಕೈಯಲ್ಲಿ ಆಗಲೇ ಬಂದಿವೆ. ಉಳಿದಿದ್ದು ಇದೊಂದು. ಭಾರತ ಹುಣ್ಣಿಮೆ ಆದ ಮೇಲಿನ ಗುರುವಾರ ಉಡಿಕಿ.

ನಮ್ಮೂರು ಹೊನವಾಡಕ್ಕೆ ಫೋನ್ ಮಾಡಿದೆ.

“ಅವ್ವಾ, ಅಣ್ಣನ ಜಾಕೆಟ್ ಬಂದೈತಿ.”

ಅತ್ತ ಕುರಿಮರಿ ಅರಚುತ್ತಿತ್ತು.

“ಮನಿಗೆ ತರಬ್ಯಾಡ. ಅಕೀ ಉಡಿಕಿ ಆಗೂದ್ರಾಗ ಹೊಳಿಗೆ ಬಿಟ್ಟು ಕೈ ತೊಳಕೋ.”

“ಯಾಕ ಬೇ?”

“ಮಣ್ಣಿಗೆ ಹೋಗಬೇಕಾಗಿದ್ದು ಅದು. ಮನಿಯಾಗ ಇಟಗೋಬಾರದು.”

ಇಟ್ಟುಬಿಟ್ಟಳು. ಆದರೆ ನಾನು ಬಿಡುವುದಿಲ್ಲ. ಮಲ್ಲಣ್ಣನದು ಅಂತ ನನ್ನ ಹತ್ತಿರ ಬೇರೆ ಏನೂ ಇಲ್ಲ. ಮುಖ ಕೂಡ ನೋಡಲಿಲ್ಲ. ಆ ದಿನ ವಾರ್ಡನ್ ಮೇಡಂ ‘ನಿಮ್ಮಪ್ಪಗ ಆರಾಮಿಲ್ಲಂತ’ ಎಂದು ಹೇಳಿ ಬಸ್ಸು ಹತ್ತಿಸಿದ್ದರು. ನಾನು ಹೊನವಾಡ ಮುಟ್ಟುವ ಹೊತ್ತಿಗೆ ಮಣ್ಣು ಮುಚ್ಚಿ ಜನ ಕೈಕಾಲು ತೊಳೆಯುತ್ತಿದ್ದರು. ಬಸ್ಸಿನ ತುಂಬಾ ನಾನು ಅಪ್ಪನಿಗಾಗಿ ಬೇಡಿಕೊಂಡಿದ್ದೆ. ತಪ್ಪು ಮನುಷ್ಯನಿಗೆ.

ಇದನ್ನು ಹೊಸದರ ಹಾಗೆ ಮಾಡುತ್ತೇನೆ. ಕಲೆ ಹೋಗಿ, ಹರಿದದ್ದು ಕೂಡಿದರೆ ಇದು ಬರೀ ಜಾಕೆಟ್. ಬರೀ ಜಾಕೆಟ್ಟನ್ನು ಅವ್ವ ಬಾಗಿಲಲ್ಲಿ ಹೇಗೆ ತಡೆಯುತ್ತಾಳೆ?

ಜನವರಿ ೧೦, ಶನಿವಾರ

ಸಬೀರಾ ಊರಿಗೆ ಹೋಗಿದ್ದಾಳೆ. ಜಾಕೆಟ್ಟನ್ನು ಅವಳ ಮಂಚದ ಮೇಲೆ ಹರಡಿ ನೋಡಿದೆ.

ಬೆಲ್ಲದ ಬಣ್ಣ. ಮದುವೆಯಾದ ಮೊದಲ ದೀಪಾವಳಿಗೆ ಅತ್ತೆ ಮನೆಯವರು ಅಳಿಯನಿಗೆ ಉಂಗುರ ಹಾಕುತ್ತೇವೆ ಎಂದರೆ ಇವನು ತೊಗಲಿನ ಅಂಗಿ ಕೇಳಿದ್ದ. ಟಿಕೋಟಾದ ಶೆಡ್ಡುಗಳಿಂದ ಒಣದ್ರಾಕ್ಷಿ ತುಂಬಿಕೊಂಡು ಪಿಕಪ್ ಓಡಿಸುತ್ತಿದ್ದ, ಬೆಳಗಿನ ಥಂಡಿಗೆ ಬೇಕು ಅಂತ. ಹಾಕಿಕೊಂಡು ಬಂದ ದಿನ ಅವ್ವ ನೆರೆಮನೆಯವರನ್ನೆಲ್ಲ ಕರೆದು ತೋರಿಸಿದ್ದಳು. “ನೋಡ್ರಿ, ಬಂಗಾರ ಬಿಟ್ಟು ಸತ್ತ ದನದ ತೊಗಲು ಹೊತಗೊಂಡು ಬಂದಾನ.” ಅದಕ್ಕವನು, “ದನದ್ದಲ್ಲ ಬೇ, ಕುರೀದು. ನಮ್ಮ ಮಂದೀನ ಇದು, ಕೈ ಮುಗಿ.” ಕುರಿ ಸಾಕುವ ಅಪ್ಪನಿಗೆ ನಕ್ಕು ನಕ್ಕು ಕೆಮ್ಮು ಹತ್ತಿತ್ತು.

ಬಲಗೈ ಮೊಣಕೈ ರಸ್ತೆಗೆ ಉಜ್ಜಿ ಬೆಳ್ಳಗಾಗಿದೆ. ಬಲ ಭುಜದ ಹೊಲಿಗೆ ಬಿಟ್ಟಿದೆ. ಎಡಗಡೆ ಎದೆಯ ಮೇಲೆ ದೊಡ್ಡ ಹಳದಿ ಕಲೆ, ಭಂಡಾರದ್ದು. ಕೆಳಗೆ ಅಗಲವಾಗಿದೆ, ಮೇಲಕ್ಕೆ ನಾಲ್ಕೈದು ಗೀರು. ಮಣ್ಣು ಕೊಡುವ ಮುಂಚೆ ಎಲ್ಲರೂ ದೇವರ ಅರಿಶಿಣ ಹಾಕುತ್ತಾರಲ್ಲ, ಯಾರದೋ ಕೈಯಿಂದ ಚೆಲ್ಲಿರಬೇಕು. ಥಂಡಿ ಆಗುತ್ತದೆ ಎಂದು ಸುಧಾರಾಣಿ ಇದನ್ನು ಅವನ ಮೇಲೆ ಹೊದಿಸಿದ್ದಳಂತೆ. ಮಣ್ಣಿಗೆ ಇಳಿಸುವ ಹೊತ್ತಿಗೆ ಮತ್ತೆ ಎಳೆದುಕೊಂಡಳಂತೆ. ಕೊಟ್ಟದ್ದನ್ನು ಕಸಿದುಕೊಂಡಳು ಎಂದು ಊರು ಇನ್ನೂ ಆಡುತ್ತದೆ. ಎಲ್ಲ ಕೇಳಿದ್ದು, ನಾನು ನೋಡಿದ್ದಲ್ಲ.

ಅಷ್ಟು ಜಗ್ಗಿಕೊಂಡು ಒಯ್ದವಳು ಈಗ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಾಳೆ. ಫೋನ್ ಬಂದಿತ್ತು ಅವಳದು. ಎತ್ತಲಿಲ್ಲ.

ಜನವರಿ ೧೧, ರವಿವಾರ

ನನ್ನಂಥ ಮೂರ್ಖಳು ಇನ್ನೊಬ್ಬಳಿಲ್ಲ.

ಬಚ್ಚಲಿಗೆ ಒಯ್ದು, ಕಲೆ ಇದ್ದಷ್ಟು ಜಾಗಕ್ಕೆ ಒದ್ದೆ ಬಟ್ಟೆಯಲ್ಲಿ ಬಟ್ಟೆಸೋಪು ಹಚ್ಚಿ ಉಜ್ಜಿದೆ. ಉಜ್ಜಿದ ಕಡೆಯೆಲ್ಲ ಕೆಂಪು. ಕೈಯೆಲ್ಲ ಕೆಂಪು. ನೀರು ಹಾಕಿದರೆ ಕೆಳಗೆ ಕೆಂಪು ಹರಿಯಿತು. ಪಕ್ಕದ ನಲ್ಲಿಯಲ್ಲಿ ಬಕೆಟ್ ಹಿಡಿದಿದ್ದ ಹುಡುಗಿ ಬಕೆಟ್ ಬಿಟ್ಟು ಓಡಿದಳು. ನಾನು ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟೆ. ಒಂದು ವರ್ಷದಿಂದ ನಾನು ನೋಡದೆ ಉಳಿದದ್ದು ಇದೇ ಅನಿಸಿತು.

ಊರಿಂದ ಆಗಷ್ಟೇ ಬಂದ ಸಬೀರಾ ಬ್ಯಾಗು ಹೆಗಲಲ್ಲಿ ಇಟ್ಟುಕೊಂಡೇ ಬಚ್ಚಲಿಗೆ ಬಂದಳು. ನೋಡಿದಳು, ಮೂಸಿದಳು.

“ಅರಿಶಿಣ ಅಲ್ಲೇನ ಇದು?”

“ಹೂಂ.”

“ಸೋಪು ಹಚ್ಚಿದಿ?”

“ಹೂಂ.”

“ಏ ಕಸ್ತೂರಿ, ಹೋದ ತಿಂಗಳ ಲ್ಯಾಬಿನಾಗ ಅರಿಶಿಣದ ಕಾಗದ ಅದ್ದಿ ಅದ್ದಿ ಕೆಂಪು ಮಾಡಿ ರೆಕಾರ್ಡ್ ಬರದವಳು ನೀನ ಅಲ್ಲೇನ? ನಾ ನಿನ್ನ ನೋಡಿ ಕಾಪಿ ಮಾಡೀನಿ.”

ಖರೆ. ಕ್ಷಾರ ತಾಗಿದರೆ ಅರಿಶಿಣ ಕೆಂಪು. ನಾನೇ ದುಂಡಗೆ ಬರೆದು ಅಡಿಗೆರೆ ಎಳೆದಿದ್ದೆ. ಸಬೀರಾ ಮೆಸ್ಸಿನಿಂದ ಅರ್ಧ ನಿಂಬೆಹಣ್ಣು ತಂದು ನೀರಲ್ಲಿ ಹಿಂಡಿ ಒರೆಸಿದಳು. ಕೆಂಪು ಇಳಿದು ಮತ್ತೆ ಹಳದಿಯಾಯಿತು. ಅವಳು ಅಳಲಿಲ್ಲ. ನಾನೇ ಅತ್ತಿರಬೇಕು.

“ಬಿಸಲಿಗೆ ಹಾಕಲೇ. ಅರಿಶಿಣದ ಕಲೀಗೆ ನಮ್ಮ ಅಮ್ಮಿ ಬ್ಯಾರೆ ಏನೂ ಮಾಡೂದಿಲ್ಲ. ಬಿಸಲ ತಿಂತೈತಿ ಅದನ್ನ.”

ಜನವರಿ ೧೨, ಸೋಮವಾರ

ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟೆ. ಫೋನ್ ಬಂತು, ಎತ್ತಲಿಲ್ಲ. ಮೆಸ್ಸಿಗೆ ಹೋಗಲಿಲ್ಲ.

ಜನವರಿ ೧೭, ಶನಿವಾರ

ಸಬೀರಾಳ ಅಮ್ಮಿ ಹೇಳಿದ್ದು ಖರೆ. ದಿನವೂ ಕ್ಲಾಸು ಮುಗಿಸಿ ಮಾಳಿಗೆ ಹತ್ತಿದಾಗ ಕಲೆ ಒಂದಿಷ್ಟು ತೆಳ್ಳಗಾಗಿರುತ್ತದೆ. ಮೊದಲು ಹೋಗಿದ್ದು ಮೇಲಿನ ಗೀರುಗಳು, ಒಂದೊಂದಾಗಿ.

ಆಕಾರ ಕೆಡಬಾರದೆಂದು ಒಳಗೆ ಹಳೇ ಪೇಪರು ತುರುಕಿ, ಮುರಿದ ಕುರ್ಚಿಗೆ ಹಾಕಿದ್ದೇನೆ. ಬಟ್ಟೆ ಒಣಹಾಕಲು ಬಂದ ಸೀನಿಯರ್ ಒಬ್ಬಳು, “ಯಾರ್ರಿ ಅದು ಹುಡುಗ್ಯಾರ ಹಾಸ್ಟೆಲಿನಾಗ ಕುಂತಾರ?” ಎಂದು ಗದರಿ, ಹತ್ತಿರ ಬಂದು ತಲೆಯಿಲ್ಲದ್ದು ನೋಡಿ ಅರ್ಧ ಮೆಟ್ಟಿಲು ಇಳಿದುಬಿಟ್ಟಳು. ಆಮೇಲೆ ಅವಳೇ ನಕ್ಕು, ನೆರಳು ಬಂದಾಗ ಕುರ್ಚಿ ಸರಿಸಿಕೊಟ್ಟಳು. ಮಧ್ಯಾಹ್ನವೆಲ್ಲ ಅದರ ಪಕ್ಕದಲ್ಲೇ ಕೂತು ಓದುತ್ತೇನೆ. ಆರ್ಗ್ಯಾನಿಕ್ ಮೊದಲ ಯುನಿಟ್ ಮುಗಿಯಿತು. ವೈವಾದ ದಿನ ಇನ್ನೂ ಹಾಕಿಲ್ಲ.

ಅಲ್ಲಿಂದ ತೊರವಿ ಕಡೆಯ ಹೊಲಗಳು ಕಾಣುತ್ತವೆ. ಬಿಳಿಜೋಳ ತೆನೆ ಬಿಟ್ಟಿದೆ.

ಜನವರಿ ೧೯, ಸೋಮವಾರ

ಕಲೆ ಹೋಯಿತು. ಗೊತ್ತಿದ್ದವರು ಹುಡುಕಿದರೆ ಮಾತ್ರ ಒಂದು ಮಸುಕು. ಆದರೆ ತೊಗಲು ಒಣಗಿ ಚಾಪೆಯ ಹಾಗೆ ಸೆಟೆದಿದೆ. ಕಾಲರ್ ಮಡಚಿದರೆ ಬಿರುಕು ಬಿಡುತ್ತದೆ. ಒಂದನ್ನು ಸರಿಮಾಡಲು ಹೋಗಿ ಇನ್ನೊಂದನ್ನು ಕೆಡಿಸಿದೆ.

ಮತ್ತೆ ಫೋನ್. ಈ ಸಲ ಕೈಯಲ್ಲೇ ಹಿಡಿದು ನಿಲ್ಲುವ ತನಕ ನೋಡಿದೆ.

ಜನವರಿ ೨೧, ಬುಧವಾರ

ಪೇಟೆಯಲ್ಲಿ ತೊಗಲಿನ ಕೆಲಸದವರನ್ನು ಕೇಳಿದರೆ ಎಲ್ಲರೂ ಚಪ್ಪಲಿಯಾದರೆ ಹೊಲಿಯುತ್ತೇವೆ, ಜಾಕೆಟ್ ಆಗುವುದಿಲ್ಲ ಎಂದರು. ಕಡೆಗೆ ಅಥಣಿ ರಸ್ತೆಯಲ್ಲಿ ಬೈಕಿನ ಸೀಟ್ ಕವರ್ ಹೊಲಿಯುವ ಮೆಹಬೂಬ ಅನ್ನುವವರ ಅಂಗಡಿ ಸಿಕ್ಕಿತು. ಅವರು ಜಾಕೆಟ್ ಎತ್ತಿ ಬೆಳಕಿಗೆ ಹಿಡಿದರು.

“ನಾವು ರೆಕ್ಸಿನ್ ಮಂದಿ ತಂಗಿ. ಇದು ಖರೇ ತೊಗಲು. ನನ್ನ ಮಶೀನ್ ನೋಡಿದ್ರ ಅಂಜತೈತಿ.”

“ನೋಡ್ರಿ, ಬ್ಯಾರೆ ಯಾರೂ ಹಿಡಿಯವಲ್ಲರು.”

“ಯಾರದು?”

“ಅಣ್ಣಂದು.”

“ಅಣ್ಣ ಏನಂದ, ಸೀಟ್ ಮಾಡಾವನ ಕಡೆ ಒಯ್ಯಿ ಅಂದ?”

ಹೂಂ ಅಂದೆ. ಯಾಕೆ ಅಂದೆನೋ.

“ಶಾಣ್ಯಾ ಅದಾನ ನಿಮ್ಮಣ್ಣ. ಒಂದ ಕೆಲಸ ಮಾಡೂಣು, ಪೂರಾ ಕರೀ ಪಾಲಿಶ್ ಹೊಡದಬಿಡೂಣು. ಗೀರು, ಬಿರುಕು ಏನೂ ಕಾಣೂದಿಲ್ಲ.”

“ಬ್ಯಾಡ್ರಿ. ಅವಗ ಈ ಬಣ್ಣಾನ ಸೇರತೈತಿ.”

ಸೇರತಿತ್ತು ಎನ್ನಬೇಕಿತ್ತು. ಅವರಿಗೆ ಗೊತ್ತಾಗಲಿಲ್ಲ. ಔಡಲೆಣ್ಣೆ ಹಚ್ಚಿ ನೆರಳಲ್ಲಿ ಇಡುತ್ತೇನೆ, ಮೆತ್ತಗಾದರೆ ಹೊಲಿಯುತ್ತೇನೆ, ಆಗದಿದ್ದರೆ ಬೈಯಬಾರದು ಎಂದರು. ಹಾಸ್ಟೆಲ್ಲಿಗೆ ನಡೆದು ಬರುವಾಗ ಕೈ ಹಗುರ ಅನಿಸಿತು. ಅಣ್ಣನಿಗೆ ಏನು ಸೇರುತ್ತದೆ ಎಂದು ಒಬ್ಬರ ಹತ್ತಿರ ಮಾತಾಡಿ ಎಷ್ಟು ದಿನವಾಗಿತ್ತು.

ಜನವರಿ ೨೪, ಶನಿವಾರ

ಅಂಗಡಿಗೆ ಹೋದಾಗ ಮೆಹಬೂಬ ಅವರು ಹೆಬ್ಬೆರಳು ಬಾಯಲ್ಲಿಟ್ಟುಕೊಂಡು ಕೂತಿದ್ದರು.

“ನಿಮ್ಮಣ್ಣ ಒಳಗ ಸೂಜಿ ಇಟ್ಟು ಕಳಸ್ಯಾನಲ್ಲ ತಂಗಿ. ಹೇಳೂದಿಲ್ಲೇನ?”

ಭುಜದ ಒಳಗಿನ ಅಸ್ತರದ ಬಟ್ಟೆ ಬಿಚ್ಚಿದ್ದರಂತೆ. ಒಳಗೆ, ಹರಿದ ಹೊಲಿಗೆಯ ಅರ್ಧವನ್ನು ಯಾರೋ ಆಗಲೇ ಕೂಡಿಸಿದ್ದರು. ಬೂದುಬಣ್ಣದ ದಾರ, ಜೋಳದ ಕಾಳಿಗಿಂತ ಚಿಕ್ಕ ಹೊಲಿಗೆ, ಒಂದರಂತೆ ಒಂದು. ನಡುವೆ ನಿಂತಿತ್ತು. ದಾರ ಪೋಣಿಸಿದ ಸೂಜಿ ತುಕ್ಕು ಹಿಡಿದು ಅಲ್ಲೇ ಚುಚ್ಚಿಕೊಂಡಿತ್ತು.

“ಬಟ್ಟಿ ಸೂಜಿ ಇದು. ತೊಗಲಿನಾಗ ದೂಡಬೇಕಂದ್ರ ಬೆರಳು ಹರೀತಾವ. ಟೇಲರ್ ಕೆಲಸದವರು ಯಾರರ ಅದಾರೇನ ಮನಿಯಾಗ?”

“ವೈನಿ.”

“ಅರ್ಧಕ್ಕ ಯಾಕ ಬಿಟ್ರು?”

ನನಗೆ ಗೊತ್ತಿಲ್ಲ. ಕರೆ ಬಂದಿರಬೇಕು, ಯಾರೋ ನೋಡಲು ಬಂದಿರಬೇಕು, ಸೀರೆ ಬದಲಿಸು ಅಂದಿರಬೇಕು. ಇಷ್ಟು ದಿನ ಅವಳು ಅದನ್ನು ಗಂಟು ಕಟ್ಟಿ ಮೂಲೆಗೆ ಎಸೆದಿದ್ದಳು ಎಂದುಕೊಂಡಿದ್ದೆ.

“ಇದನ್ನ ಬಿಚ್ಚಿ ಹೊಸಾದ ಹಾಕಲ್ಯಾ?”

“ಬ್ಯಾಡ್ರಿ. ಅದು ಹಂಗ ಇರಲಿ. ನಿಂತಲ್ಲಿಂದ ಮುಂದ ನೀವು ಹೊಲೀರಿ.”

“ಎರಡ ನಮೂನಿ ಕಾಣತೈತಿ.”

“ಕಾಣಲಿ.”

ಗೊಣಗುತ್ತ ಹೊಲಿದರು. ಹೊಲಿದಾದ ಮೇಲೆ, “ನಿಮ್ಮಣ್ಣನ್ನ ಕರಕೊಂಡು ಬಾ, ಭುಜ ಜಗ್ಗತೈತೇನ ನೋಡಬೇಕು” ಎಂದರು.

“ಅಂವ ಬರೂದಿಲ್ರಿ.”

“ಊರಾಗ ಇಲ್ಲ?”

“ಇಲ್ರಿ.”

ಅವರು ತಾವೇ ತೊಟ್ಟು, ನನ್ನ ಕಡೆ ಬೆನ್ನು ಮಾಡಿ, ಎರಡೂ ಕೈ ಬೈಕ್ ಹಿಡಿದವರ ಹಾಗೆ ಮುಂದೆ ಚಾಚಿದರು. ಹಿಂದಿನಿಂದ ಅಷ್ಟೇ ಅಗಲದ ಬೆನ್ನು. ಅವರು ತಿರುಗುವ ತನಕ ನೋಡಿದೆ. ತಿರುಗಿ, ನನ್ನ ಮುಖ ನೋಡಿ, ಮೆಲ್ಲಗೆ ಕಳಚಿ ಮಡಚಿದರು. ಅಣ್ಣನ ವಿಷಯ ಮತ್ತೆ ಕೇಳಲಿಲ್ಲ. ಮೊಣಕೈಗೆ ಬಣ್ಣ ಹಚ್ಚುವುದಿದೆ, ವಾರದ ಕೊನೆಗೆ ಬಾ ಎಂದು ಮಾತ್ರ ಹೇಳಿದರು.

ಸೂಜಿಯನ್ನು ಕಾಗದದಲ್ಲಿ ಸುತ್ತಿಕೊಂಡು ಬಂದಿದ್ದೇನೆ.

ಜನವರಿ ೨೬, ಸೋಮವಾರ

ಧ್ವಜ ಹಾರಿಸಿ, ಲಾಡು ತಿಂದು, ಬಬಲೇಶ್ವರದ ಬಸ್ಸು ಹತ್ತಿದೆ. ಯಾಕೆ ಹೋಗುತ್ತಿದ್ದೇನೆ ಎಂದು ಸಬೀರಾ ಕೇಳಿದಳು. ಸೂಜಿ ಕೊಡಲು ಅಂದೆ. ಅವಳು ನಗಲಿಲ್ಲ.

ಟ್ರ್ಯಾಲಿ ನಿಂತಿದ್ದ ಜಾಗ ಯಾವುದೆಂದು ನನಗೆ ಗೊತ್ತಿಲ್ಲ. ಹಾಗಾಗಿ ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡಿದ್ದೆ.

ಬಾಗಿಲಲ್ಲಿ ವೈನಿಯ ಅವ್ವ ರುದ್ರವ್ವ ಕಾಳು ಹಸನು ಮಾಡುತ್ತಿದ್ದರು. ಮೊರದಿಂದ ತಲೆ ಎತ್ತಲಿಲ್ಲ.

“ಕೊಟ್ಟು ಕಳಿಸಿದ ಮ್ಯಾಲ ಮುಗೀತಲ್ಲವ್ವ. ಮತ್ತೇನ ಉಳದೈತಿ ನಮ್ಮ ಕಡೆ?”

“ಏನಿಲ್ರಿ ಅತ್ತಿ. ನಾನ ಕೊಡೂದು ಉಳದಿತ್ತು.”

ಒಳಗೆ ಹೊಲಿಗೆ ಮಶೀನಿನ ಸದ್ದು ನಿಂತಿತು. ವೈನಿ ಸೊರಗಿದ್ದಾಳೆ. ತಾಳಿಯಿಲ್ಲದ ಕುತ್ತಿಗೆಯಲ್ಲಿ ಅಳತೆಯ ಟೇಪು. ಸೂಜಿ ಕೊಟ್ಟೆ. ಅಂಗೈಯಲ್ಲಿಟ್ಟುಕೊಂಡು ನೋಡಿದಳು.

“ಇದು ಅದರಾಗ ಇತ್ತೇನ? ಮನಿ ತುಂಬ ಹುಡುಕೀನಿ. ಹಾಸಿಗ್ಯಾಗ ಬಿದ್ದೈತಿ, ಯಾರಿಗೆ ಚುಚ್ಚತೈತೋ ಅಂತ ಹೆದರಿ ನೆಲದ ಮ್ಯಾಲ ಮಲಗೀನಿ.”

ನಕ್ಕಳು. ನನಗೂ ನಗು ಬಂತು. ಆಮೇಲೆ ಇಬ್ಬರಿಗೂ ಏನು ಮಾಡಬೇಕೋ ತಿಳಿಯಲಿಲ್ಲ.

“ಫೋನ್ ಮಾಡಿದ್ದೆ ನಿನಗ.”

“ಪ್ರಾಕ್ಟಿಕಲ್ ಇತ್ತು.”

“ದಿನಾ?”

ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡೆ.

“ಅದನ್ನ ನಿಮ್ಮವ್ವನ ಕೈಯಾಗ ಕೊಡು, ಹೆಂಗ ಐತಿ ಹಂಗ ಕೊಡು ಅಂತ ಹೇಳಾಕ ಮಾಡಿದ್ದೆ ಕಸ್ತೂರಿ. ನನ್ನ ಫೋನು ಅವರು ಎತ್ತೂದಿಲ್ಲ.”

“ಅವ್ವ ಹೊಳಿಗೆ ಬಿಡು ಅಂದಾಳ.”

“ನೋಡಿದ್ರ ಅನ್ನೂದಿಲ್ಲ. ಅದು ಅವರದು.” ತಡೆದು, ದನಿ ಇಳಿಸಿ ಕೇಳಿದಳು, “ಭಂಡಾರ ಐತಿಲ್ಲೋ ಇನ್ನಾ?”

“ಇಲ್ಲ, ಪೂರ್ತಿ ಹೋಗೇತಿ” ಎಂದೆ. ಬಿಸಿಲಿಗಿಟ್ಟಿದ್ದು, ಕುರ್ಚಿ, ಪೇಪರು, ಎಲ್ಲ ಹೇಳಿದೆ. ಕಾಲೇಜಿಗೆ ಬಂದ ಮೇಲೆ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಅದು. ವೈನಿ ಮಶೀನಿನ ಗಾಲಿಗೆ ಕೈ ಹಾಕಿ ತಿರುಗಿಸಿದಳು. ಬಟ್ಟೆ ಇರಲಿಲ್ಲ, ಸೂಜಿ ಬರಿದೇ ಏರಿ ಇಳಿಯಿತು. ಏನೋ ಹೇಳಲು ಹೊರಟಳು, ಅಷ್ಟರಲ್ಲಿ ರುದ್ರವ್ವ ಚಾ ತಂದು ನಮ್ಮಿಬ್ಬರ ನಡುವೆ ಕೂತರು.

ಉಡಿಕಿ ಆಗುವವರು ಅರಕೇರಿಯವರಂತೆ. ಅವರ ಹೆಂಡತಿ ತೀರಿಕೊಂಡಿದ್ದಾಳೆ, ಸಣ್ಣ ಹುಡುಗಿಯೊಬ್ಬಳಿದ್ದಾಳೆ. “ಅವರಿಗೆ ಜಡಿ ಹಾಕಾಕ ಬರೂದಿಲ್ಲಂತ. ಹುಡುಗಿ ಕೂದಲ ಬಿಟಗೊಂಡ ಸಾಲಿಗೆ ಹೋಗತೈತಿ” ಎಂದಳು ವೈನಿ. ಸಿಟ್ಟು ಬರಬೇಕಿತ್ತು. ಉದ್ದ ಕೂದಲೇನು ಎಂದು ಕೇಳಿದೆ. “ನಿನ್ನಷ್ಟ” ಅಂದಳು.

ಬಸ್ಸಿಗೆ ಹೊತ್ತಾಗಿ ಎದ್ದೆ. ಬಾಗಿಲ ತನಕ ಬಂದು ನನ್ನ ದುಪಟ್ಟಾದ ಬಿಚ್ಚಿದ ಅಂಚು ನೋಡಿ, ನಿಂತ ಕಾಲಲ್ಲೇ ಅದೇ ಸೂಜಿಯಿಂದ ಎರಡು ಹೊಲಿಗೆ ಹಾಕಿ, ದಾರ ಹಲ್ಲಲ್ಲಿ ಕಡಿದಳು.

ಭಂಡಾರ ಹೋದದ್ದಕ್ಕೆ ಅವಳಿಗೆ ಯಾಕೆ ಬೇಜಾರಾಯಿತೋ ತಿಳಿಯಲಿಲ್ಲ.

ಜನವರಿ ೩೦, ಶುಕ್ರವಾರ

ಜಾಕೆಟ್ ಬಂತು. ಮೊಣಕೈ ಸ್ವಲ್ಪ ಗಾಢವಾಗಿದೆ. ಮೆಹಬೂಬ ಅವರು, “ಬಣ್ಣ ಒಂದ ಕೈ ಜಾಸ್ತಿ ಆತು, ಬೈಬ್ಯಾಡ” ಎಂದರು. ಮೆತ್ತಗಿದೆ. ಎಣ್ಣೆಯ ವಾಸನೆ, ಮಲ್ಲಣ್ಣನ ವಾಸನೆ ಇಲ್ಲ. ಮೊದಲು ಇತ್ತೇ ಎಂದು ನೆನಪಿಸಿಕೊಳ್ಳಲು ನೋಡಿದೆ.

ವೈವಾ ಬುಧವಾರ ಅಂತ ನೋಟೀಸು ಹಾಕಿದ್ದಾರೆ.

ಫೆಬ್ರವರಿ ೧, ರವಿವಾರ, ಹೊನವಾಡ

ಟಿಕೋಟಾದಲ್ಲಿ ಬಸ್ಸು ಬದಲಿಸಿ ಊಟದ ಹೊತ್ತಿಗೆ ಮನೆ ಮುಟ್ಟಿದೆ. ಅವ್ವ ಅಂಗಳದಲ್ಲಿ ತಾಯಿಯಿಲ್ಲದ ಕುರಿಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದಳು. ಕಟ್ಟೆಯ ಮೇಲೆ ಕೂತಿದ್ದ ಅಪ್ಪ ನನ್ನ ಕೈಯ ಚೀಲ ನೋಡಿದ.

“ತಂದೀ? ನಿಮ್ಮವ್ವ ಬ್ಯಾಡ ಅಂದಿದ್ದಳಲ್ಲ.”

ಹೊಸ್ತಿಲು ದಾಟಲಿಲ್ಲ. ಅಂಗಳದಲ್ಲೇ ನಿಂತು ಜಾಕೆಟ್ ಬಿಡಿಸಿ ಹಿಡಿದೆ.

“ಈಗ ಇದರಾಗ ಏನೂ ಇಲ್ಲ ಬೇ. ನೋಡು, ಹೊಸಾದರಂಗ ಐತಿ. ಒಳಗ ಇಡೂಣು.”

ಅವ್ವ ಮೊದಲು ಮುಖ ತಿರುಗಿಸಿದಳು. ಆಮೇಲೆ ಮರಿಯನ್ನು ಕೆಳಗಿಟ್ಟು, ಸೆರಗಿಗೆ ಕೈ ಒರೆಸಿ, ಎದ್ದು ಬಂದು ಇಸಿದುಕೊಂಡಳು. ನೇರ ಎಡಗಡೆ ಎದೆಗೇ ಹೋಯಿತು ಅವಳ ಕೈ. ಸವರಿದಳು. ಬಿಸಿಲಿಗೆ ತಿರುಗಿಸಿದಳು. ಬಲಗಡೆ ನೋಡಿದಳು, ಮತ್ತೆ ಎಡಗಡೆ.

“ಇಲ್ಲಿತ್ತಲ್ಲ.”

“ಏನ ಬೇ?”

“ನನ್ನ ಕೈ.”

ನನಗೆ ಅರ್ಥವಾಗಲಿಲ್ಲ. ಅಪ್ಪ ನೆಲ ನೋಡುತ್ತ ಹೇಳಿದ. ಆ ದಿನ ಎಲ್ಲರೂ ಚಿಟಿಕೆ ಚಿಟಿಕೆ ಭಂಡಾರ ಹಾಕಿದರೆ, ಅವ್ವ ಇಡೀ ಅಂಗೈ ಅದ್ದಿ ಅವನ ಎದೆಯ ಮೇಲೆ ಒತ್ತಿದಳಂತೆ. ಎಬ್ಬಿಸಿದರೆ ಏಳಲಿಲ್ಲವಂತೆ. ಹೆಂಗಸರು ಬೆರಳು ಬಿಡಿಸಿ ಎತ್ತಬೇಕಾಯಿತು.

“ಮಣ್ಣ ಎಳೀವಾಗ ನಿಮ್ಮ ವೈನಿ ಅಂಗಿ ಕಸಗೊಂಡ್ಲು ಅಂತ ಮಂದಿ ಆಡತಾರ. ಅತ್ತಿ ಕೈ ಐತಿ ಅದರಾಗ, ಮಣ್ಣಾಗ ಹಾಕಬ್ಯಾಡ್ರಿ ಅಂತ ಅಕಿ ಅಂದಿದ್ದು ನಾ ಕೇಳೀನಿ.”

“ನನಗ ಹೇಳಿದ್ದಿಲ್ಲಲ್ಲ ಯಪ್ಪಾ.”

“ಹೆಂಗ ಹೇಳಬೇಕ ಅದನ್ನ.”

ನಾನು ಒಂದೊಂದಾಗಿ ಹೋಯಿತು ಎಂದು ಖುಷಿಪಟ್ಟ ಗೀರುಗಳು ಅವ್ವನ ಬೆರಳು. ಬಿಸಿಲು ಸಾಲದೆಂದು ನೆರಳಿನಿಂದ ಕುರ್ಚಿ ಸರಿಸಿ ಸರಿಸಿ ಅಳಿಸಿದ್ದೇನೆ. ಅವ್ವ ಬೈಯಬಹುದು ಎಂದು ಕಾದೆ. ಬೈಯಲಿಲ್ಲ.

“ಮತ್ತ ಹಚ್ಚು ಬೇ. ಭಂಡಾರ ಐತಲ್ಲ ಮನ್ಯಾಗ. ಅಲ್ಲೇ ಹಚ್ಚು.”

“ಈಗ ಹಚ್ಚಿದ್ರ ಜಾಕೀಟಿಗೆ ಹಚ್ಚಿದಂಗ ಆಕೈತಿ.”

ಅದನ್ನು ಮಡಿಲಲ್ಲಿಟ್ಟುಕೊಂಡು ನೆಲಕ್ಕೆ ಕೂತಳು. ಕುರಿಮರಿ ಬಂದು ತೋಳಿನ ಅಂಚು ಚೀಪಿತು, ಓಡಿಸಲಿಲ್ಲ. ಬೆರಳು ಮಾತ್ರ ಹೊಲಿಗೆಯ ಮೇಲೆ ಓಡಾಡುತ್ತಿತ್ತು. ಭುಜದ ಹತ್ತಿರ ನಿಂತಿತು. ಬೂದು ದಾರದ ಕಡೆ.

“ಇದು ಅಕೀದು.”

“ಹೂಂ ಬೇ. ಅರ್ಧಕ್ಕ ಬಿಟ್ಟಿದ್ದಳು.”

“ಭೆಟ್ಟಿ ಆಗೀ ಏನ? ಉಣ್ಣಾಕತ್ತಾಳೇನ ಅಕಿ?”

“ಸೊರಗ್ಯಾಳ.”

ಅವ್ವ ತಲೆ ಆಡಿಸಿದಳು. “ಗುರುವಾರ ಆತಂದ್ರ ಅಕಿ ಈ ಹೊಸ್ತಿಲಾ ತುಳಿಯೂದಿಲ್ಲ. ಅವರೂ ಬಿಡೂದಿಲ್ಲ, ನಾವೂ ಕರಿಯೂಹಂಗಿಲ್ಲ.” ಮತ್ತೆ ಅದೇ ಹೊಲಿಗೆ ಸವರಿ, “ಅಷ್ಟರಾಗ ಒಮ್ಮೆ ಬಂದ್ರ ಉಡಿ ತುಂಬತಿದ್ದೆ.”

“ಸೊಸಿಗೆ ಉಡಿ ತುಂಬಿ ಬ್ಯಾರೆ ಮನಿಗೆ ಕಳಸೂದು ಯಾವ ಊರಾಗ ಐತಿ?” ಅಪ್ಪ ಕೇಳಿದ, ಜಗಳದ ದನಿಯಲ್ಲಿ ಅಲ್ಲ.

“ಮಗಳಿಗೆ ತುಂಬತಾರಿಲ್ಲೋ.”

ಅಪ್ಪ ಎದ್ದು ಕುರಿಮರಿಯನ್ನು ಹಟ್ಟಿಗೆ ಒಯ್ದ. ಅವ್ವ ಜಾಕೆಟ್ ತೋಳಮೇಲೆ ಹಾಕಿಕೊಂಡು ಒಳಗೆ ಹೋದಳು. ನಾನು ಅವಳ ಹಿಂದೆ ಹೋದೆ. ಬಾಗಿಲಲ್ಲಿ ಯಾರೂ ಯಾರನ್ನೂ ತಡೆಯಲಿಲ್ಲ. ಅದು ನನಗೆ ಈಗ ಬರೆಯುವಾಗ ಹೊಳೆಯುತ್ತಿದೆ.

ಫೆಬ್ರವರಿ ೨, ಸೋಮವಾರ, ಹೊನವಾಡ

ಕಾಲೇಜಿಗೆ ಹೋಗಲಿಲ್ಲ. ಅವ್ವ ವೈನಿಯ ಮಡಿಲಿಗೆ ಹಾಕಲು ಬೆಳಿಗ್ಗೆಯೇ ಅಕ್ಕಿ ಹಸನು ಮಾಡಿದ್ದಾಳೆ, ಪೆಟ್ಟಿಗೆಯಿಂದ ಹಸಿರು ಕುಪ್ಪಸದ ಖಣ ತೆಗೆದಿಟ್ಟಿದ್ದಾಳೆ. ಬಸ್ಸಿನ ಸದ್ದಾದಾಗಲೆಲ್ಲ ಹೊರಗೆ ಬರುತ್ತಾಳೆ, ನನ್ನನ್ನು ಕಂಡರೆ ಕಸಬರಿಗೆ ಹುಡುಕಲು ಬಂದವಳಂತೆ ಮಾಡುತ್ತಾಳೆ. ವೈನಿಗೆ ಫೋನ್ ಮಾಡಿದೆ, ರುದ್ರವ್ವ ಎತ್ತಿದರು, ನನ್ನ ದನಿ ಕೇಳಿ ಇಟ್ಟುಬಿಟ್ಟರು. ಹಾಗಾಗಿ ಮೆಸೇಜ್ ಕಳಿಸಬೇಕು. ನಾಲ್ಕು ಸಲ ಟೈಪ್ ಮಾಡಿ ಅಳಿಸಿದೆ. ಮೊದಲು ಇಲ್ಲಿ ಬರೆದು ಆಮೇಲೆ ಕಳಿಸುತ್ತೇನೆ.

ವೈನಿ, ನಾನು ಕಸ್ತೂರಿ. ನೀ ಹೇಳಾಕ ಬಂದಿದ್ದು ಈಗ ಗೊತ್ತಾತು. ಫೋನ್ ಎತ್ತಿದ್ರ ಅವ್ವನ ಕೈ ಉಳೀತಿತ್ತು. ಅದನ್ನ ನಾ ತಿರುಗಿ ತರಾಕ ಆಗೂದಿಲ್ಲ. ಅವ್ವ ನೋಡಿದಳು, ಸಿಟ್ಟಿಗೆದ್ದಿಲ್ಲ. ನಿನ್ನ ಹೊಲಿಗಿ ಗುರುತ ಹಿಡದಳು. ನೀ ಉಣ್ಣಾಕತ್ತೀಯೇನಂತ ಕೇಳಿದಳು. ಗುರುವಾರದಕಿಂತ ಮೊದಲ ಒಮ್ಮೆ ಬಂದ್ರ ಮಗಳಿಗೆ ತುಂಬಿದಂಗ ಉಡಿ ತುಂಬಿ ಕಳಸ್ತಾಳಂತ. ಅಪ್ಪನೂ ಬ್ಯಾಡ ಅಂದಿಲ್ಲ. ಜಾಕೆಟ್ ಒಳಗ ಗೂಟಕ್ಕ ಐತಿ. ಅದು ಇಲ್ಲೇ ಇರಬೇಕೋ ಏನ ಮಾಡಬೇಕೋ ನೀನೂ ಅವ್ವನೂ ಕೂಡಿ ಹೇಳ್ರಿ, ಇನ್ನ ನಾ ಒಬ್ಬಾಕಿನ ಏನೂ ಮಾಡೂದಿಲ್ಲ. ಬುಧವಾರ ಮುಂಜಾನೆ ನಾ ಟಿಕೋಟಾ ಬಸ್‌ಸ್ಟ್ಯಾಂಡಿನಾಗ ನಿಂತಿರ್ತೀನಿ, ವೈವಾ ಆಮ್ಯಾಲ ನೋಡೂಣು. ಅಲ್ಲಿಂದ ಹೊನವಾಡಕ್ಕ ಜೋಡೀಲೆ ಬರೂಣು. ನಿಮ್ಮ ಅವ್ವ ಬಿಡೂದಿಲ್ಲ ಅಂದ್ರ ಅದನ್ನಾದರೂ ಹೇಳು, ಅವ್ವಗ ನಾ ಹೆಂಗರ ಹೇಳ್ತೀನಿ. ಬರ್ತೀಯೋ ಇಲ್ಲೋ, ಲಗೂನ ತಿಳಸು.